ತುಂಗಾ ಪಾನದ ಸೀಮೆಯಲ್ಲಿ ಶಾಲೆ ಮಕ್ಕಳಿಗೆ ನೀರು ಕುಡಿಯುವ ರೂಢಿ ಮಾಡಿಸುವುದು ಹೇಗೆ?

ಸಂಜೆ ನಾಲ್ಕೂವರೆಗೆ ತೀರ್ಥಹಳ್ಳಿಯಲ್ಲೋ ಸಾಗರದಲ್ಲೋ ಹೊಸನಗರದಲ್ಲೋ ಬಸ್ ಸ್ಟ್ಯಾಂಡಿನ ಹತ್ತಿರ ಹತ್ತು ನಿಮಿಷ ನಿಂತು ನೋಡಿ. ಯೂನಿಫಾರ್ಮ್ ಹಾಕಿದ ಮಕ್ಕಳು, ಬೆನ್ನಿಗೆ ಭಾರದ ಚೀಲ, ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಹತ್ತಿಪ್ಪತ್ತು ರೂಪಾಯಿಯ ಬಣ್ಣದ ಬಾಟಲಿ. ಚೀಲದ ಪಕ್ಕದ ಜೇಬಿನಲ್ಲಿ ಬೆಳಿಗ್ಗೆ ಅಮ್ಮ ತುಂಬಿಸಿ ಕೊಟ್ಟ ನೀರಿನ ಬಾಟಲಿಯೂ ಇದ್ದೇ ಇರುತ್ತದೆ. ಅದರಲ್ಲಿ ಮುಕ್ಕಾಲು ಪಾಲು ನೀರು ಹಾಗೇ ಉಳಿದಿರುತ್ತದೆ.

ನಮ್ಮ ಮನೆಯಲ್ಲೂ ಹಾಗೇ ಆಗುತ್ತಿತ್ತು. ಮಗ ನಾಲ್ಕನೇ ಕ್ಲಾಸಿನಲ್ಲಿದ್ದಾಗ ಎರಡು ದವಡೆ ಹಲ್ಲು ಹುಳುಕಾಗಿ ರಾತ್ರಿಯೆಲ್ಲ ಅತ್ತ. ಮಾರನೇ ದಿನ ಶಿವಮೊಗ್ಗಕ್ಕೆ ಕರೆದುಕೊಂಡು ಹೋದೆವು. ನಾನು ಚಾಕಲೇಟ್ ವಿಷಯ ಬರುತ್ತದೆ ಅಂದುಕೊಂಡಿದ್ದೆ, ಹಲ್ಲಿನ ಡಾಕ್ಟರು ಕೇಳಿದ್ದು "ಇವನು ದಿನಾ ಏನೇನು ಕುಡಿತಾನೆ?" ಅಂತ. ಉತ್ತರ ಹೇಳೋಕೆ ಶುರು ಮಾಡಿದ ಮೇಲೇ ನನಗೆ ಗೊತ್ತಾಗಿದ್ದು, ಬೆಳಿಗ್ಗೆ ಮಾಲ್ಟ್ ಪುಡಿ ಹಾಕಿದ ಹಾಲು, ಸಂಜೆ ಬಸ್ ಸ್ಟ್ಯಾಂಡಿನ ಜ್ಯೂಸು, ಮನೆಗೆ ಬಂದ ಮೇಲೆ ಎರಡು ಚಮಚ ಸಕ್ಕರೆಯ ಟೀ, ಇವೆಲ್ಲದರ ನಡುವೆ ನೀರು ಎಲ್ಲಿಯೂ ಇರಲಿಲ್ಲ.

ಗಂಗಾ ಸ್ನಾನ, ತುಂಗಾ ಪಾನ ಅಂತ ಹೇಳಿಕೊಳ್ಳುವ ಜನ ನಾವು. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ಅಂಥ ಸೀಮೆಯ ಮಕ್ಕಳು ನೀರು ಕುಡಿಯುವುದಿಲ್ಲ ಅಂದರೆ ಸಂಕಟ ಆಗುತ್ತದೆ ಅಲ್ವಾ?

ಆಮೇಲೆ ನಾನು ಬೈದು ನೋಡಿದೆ, ಬುದ್ಧಿ ಹೇಳಿ ನೋಡಿದೆ, ಹೆದರಿಸಿಯೂ ನೋಡಿದೆ. ಯಾವುದೂ ವಾರಕ್ಕಿಂತ ಜಾಸ್ತಿ ನಿಲ್ಲಲಿಲ್ಲ. ಮಕ್ಕಳು ಕೈಗೆ ಹತ್ತಿರ ಇರುವುದನ್ನು ಕುಡಿಯುತ್ತಾರೆ, ಬಾಯಿಗೆ ಹಿತವಾಗಿದ್ದನ್ನು ಕುಡಿಯುತ್ತಾರೆ. ಆದ್ದರಿಂದ ನೀರನ್ನು ಹತ್ತಿರ ತರಬೇಕು, ಹಿತವಾಗಿ ಮಾಡಬೇಕು. ಸಿಹಿ ಬಾಟಲಿಯನ್ನು ಸ್ವಲ್ಪ ದೂರ ಇಡಬೇಕು. ಕೆಳಗೆ ಬರೆದಿರುವುದೆಲ್ಲ ಅದನ್ನು ಮಾಡುವ ದಾರಿ.

ಮೊದಲು ಒಂದು ವಾರ ಸುಮ್ನೆ ಬರೆದಿಡಿ

ಏನನ್ನೂ ಬದಲಾಯಿಸಬೇಡಿ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ದಿನದ ಚೌಕದೊಳಗೆ ಮಗು ಏನು ಕುಡಿಯಿತು ಅಂತ ಚಿಕ್ಕದಾಗಿ ಗುರುತು ಹಾಕಿ. ಟೀ, ಹಾಲು, ಜ್ಯೂಸು, ನೀರು, ಎಲ್ಲವೂ. ಶಾಲೆಯಿಂದ ಬಂದ ಬಾಟಲಿಯಲ್ಲಿ ಎಷ್ಟು ಉಳಿದಿದೆ ಅಂತಲೂ ನೋಡಿ. ಬೈಯಬೇಡಿ. ಬೈದರೆ ಮಾರನೇ ದಿನದಿಂದ ಬಸ್ ಹತ್ತುವ ಮುಂಚೆ ನೀರು ಚೆಲ್ಲಿ ಬರುತ್ತಾರೆ, ನಿಮ್ಮ ಲೆಕ್ಕ ತಪ್ಪುತ್ತದೆ.

ನೀರು ಎಷ್ಟು ಬೇಕು? 4ರಿಂದ 8 ವರ್ಷದ ಮಗುವಿಗೆ ಊಟದಲ್ಲಿ ಬರುವ ನೀರೂ ಸೇರಿ ದಿನಕ್ಕೆ ಸುಮಾರು 1.6 ಲೀಟರ್, 9ರಿಂದ 13 ವರ್ಷದವರಿಗೆ ಸುಮಾರು 2 ಲೀಟರ್. ಅನ್ನ, ಸಾರು, ಹಣ್ಣಿನಿಂದ ಇದರಲ್ಲಿ ಒಂದು ಪಾಲು ಬಂದೇ ಬರುತ್ತದೆ. ಹಾಗಾಗಿ 5ರಿಂದ 8 ಲೋಟ ಕುಡಿದರೆ ಸಾಮಾನ್ಯವಾಗಿ ಸಾಕು. ಆಟ, ಸೆಖೆ ಇದ್ದರೆ ಇನ್ನೂ ಸ್ವಲ್ಪ. ಲೋಟ ಎಣಿಸುವುದಕ್ಕಿಂತ ಸುಲಭದ ದಾರಿ ಅಂದರೆ ಉಚ್ಚೆಯ ಬಣ್ಣ ನೋಡುವುದು. ತಿಳಿ ಹಳದಿ ಇದ್ದರೆ ಸರಿ. ಗಾಢ ಹಳದಿ ಆಗಿ ವಾಸನೆ ಬಂದರೆ ನೀರು ಕಡಿಮೆ. ಇದನ್ನು ಮಕ್ಕಳಿಗೇ ಹೇಳಿಕೊಡಿ, ಅವರೇ ನೋಡಿಕೊಂಡು ಬಂದು ಹೇಳುತ್ತಾರೆ.

ಸಕ್ಕರೆಯನ್ನು ಕಣ್ಣಿಗೆ ಕಾಣುವ ಹಾಗೆ ಮಾಡಿ

ಮಗು ಯಾವಾಗಲೂ ಕುಡಿಯುವ ಬಾಟಲಿಯನ್ನೇ ತನ್ನಿ. ಹಿಂದಿನ ಚೀಟಿಯಲ್ಲಿ 100 ಮಿಲಿಲೀಟರಿಗೆ ಎಷ್ಟು ಗ್ರಾಂ ಸಕ್ಕರೆ ಅಂತ ಇಂಗ್ಲಿಷಿನಲ್ಲಿ ಬರೆದಿರುತ್ತದೆ. 'ಶುಗರ್ಸ್', 'ಆ್ಯಡೆಡ್ ಶುಗರ್ಸ್' ಅನ್ನುವ ಸಾಲು ಹುಡುಕಿ. ಸಾಮಾನ್ಯ ಕೋಲಾದಲ್ಲಿ ಅದು 10-11 ಗ್ರಾಂ ಇರುತ್ತದೆ. ಕೆಲವು ಹಣ್ಣಿನ ಹೆಸರಿನ ಪಾನೀಯಗಳಲ್ಲಿ ಇನ್ನೂ ಜಾಸ್ತಿ. ಒಂದು ಟೀ ಚಮಚ ಸಕ್ಕರೆ ಅಂದರೆ ಸುಮಾರು 4 ಗ್ರಾಂ. 250 ಮಿಲಿಲೀಟರಿನ ಕೋಲಾ ಬಾಟಲಿಗೆ ಆರು ಚಮಚ ದಾಟುತ್ತದೆ.

ಈ ಲೆಕ್ಕವನ್ನು ನೀವು ಮಾಡಬೇಡಿ, ಮಗುವಿನ ಕೈಯಲ್ಲಿ ಮಾಡಿಸಿ. ಖಾಲಿ ಗಾಜಿನ ಲೋಟಕ್ಕೆ ಅವರೇ ಚಮಚ ಚಮಚವಾಗಿ ಸಕ್ಕರೆ ಹಾಕಲಿ. ನಮ್ಮ ಮನೆಯಲ್ಲಿ ನಾಲ್ಕನೇ ಚಮಚಕ್ಕೆ ಮಗ ನಿಲ್ಲಿಸಿ "ಅಮ್ಮಾ, ಸಾಕಲ್ವಾ?" ಅಂದ. "ಇನ್ನೂ ಎರಡು ಇದೆ ಪುಟ್ಟಾ" ಅಂದೆ. ಏನೂ ಮಾತಾಡಲಿಲ್ಲ, ಹಾಕಿದ. ಆ ಲೋಟವನ್ನು ಅವನೇ ಒಂದು ವಾರ ಶೋಕೇಸಿನಲ್ಲಿ ಇಟ್ಟುಕೊಂಡಿದ್ದ.

ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ ಪ್ರಕಾರ ದಿನದ ಒಟ್ಟು ಕ್ಯಾಲೊರಿಯಲ್ಲಿ ಇಂಥ ಸಕ್ಕರೆ 10 ಶೇಕಡಾಕ್ಕಿಂತ ಕಡಿಮೆ ಇರಬೇಕು, 5 ಶೇಕಡಾಕ್ಕಿಂತ ಕಡಿಮೆ ಇದ್ದರೆ ಇನ್ನೂ ಒಳ್ಳೆಯದು. ದಿನಕ್ಕೆ 1600 ಕ್ಯಾಲೊರಿ ಬೇಕಾದ ಮಗುವಿಗೆ 5 ಶೇಕಡಾ ಅಂದರೆ 20 ಗ್ರಾಂ, ಅಂದರೆ ಐದು ಚಮಚ. ಬಸ್ ಸ್ಟ್ಯಾಂಡಿನ ಒಂದೇ ಬಾಟಲಿ ಅದನ್ನು ದಾಟಿತು.

ನಮ್ಮ ಕಡೆಯವರು ಕೇಳಲೇಬೇಕಾದ ಇನ್ನೊಂದು ಮಾತಿದೆ. ಜೋನಿ ಬೆಲ್ಲ, ಜೇನುತುಪ್ಪ, ಸೋಸಿದ ಹಣ್ಣಿನ ರಸ, ಇವೂ ಈ ಲೆಕ್ಕದಲ್ಲೇ ಬರುತ್ತವೆ. ಮನೆಯಲ್ಲೇ ಮಾಡಿದ ಮುರುಗಲು (ಕೋಕಂ) ಶರಬತ್ತು ಅಂದ ಮಾತ್ರಕ್ಕೆ ಅದರೊಳಗಿನ ಸಕ್ಕರೆ ಹಲ್ಲನ್ನು ಬಿಡುವುದಿಲ್ಲ. ಬಾಯಲ್ಲಿರುವ ಬ್ಯಾಕ್ಟೀರಿಯಾ ಯಾವ ಸಕ್ಕರೆ ಸಿಕ್ಕಿದರೂ ಆಮ್ಲ ಮಾಡುತ್ತವೆ. ಆ ಆಮ್ಲ ಹಲ್ಲಿನ ಮೇಲ್ಪದರ ತಿನ್ನುತ್ತದೆ. ಒಂದೇ ಬಾಟಲಿಯನ್ನು ಬಸ್ಸಿನಲ್ಲಿ ಮುಕ್ಕಾಲು ಗಂಟೆ ಗುಟುಕು ಗುಟುಕಾಗಿ ಕುಡಿದರೆ ಅಷ್ಟು ಹೊತ್ತೂ ಹಲ್ಲು ಆಮ್ಲದಲ್ಲಿ ನೆನೆಯುತ್ತಿರುತ್ತದೆ. ಕುಡಿದೇ ಕುಡಿಯುತ್ತಾರೆ ಅಂತಾದರೆ ಒಮ್ಮೆಗೇ ಕುಡಿದು ನೀರಿನಲ್ಲಿ ಬಾಯಿ ಮುಕ್ಕಳಿಸಲಿ.

ಈಗ ನಿಮ್ಮ ಮನೆಯ ನೀರನ್ನು ನೀವೇ ಕುಡಿದು ನೋಡಿ

ಇದನ್ನು ಯಾರೂ ಮಾಡುವುದಿಲ್ಲ. ನಾವು ದೊಡ್ಡವರಿಗೆ ನಮ್ಮ ನೀರಿನ ರುಚಿ ಅಭ್ಯಾಸ ಆಗಿಬಿಟ್ಟಿರುತ್ತದೆ. ಮಗುವಿನ ಬಾಟಲಿಗೆ ತುಂಬಿಸಿ ಎಂಟು ಗಂಟೆ ಇಟ್ಟು ಆಮೇಲೆ ಕುಡಿದು ನೋಡಿ. ಮಕ್ಕಳು ಯಾಕೆ ಉಳಿಸಿಕೊಂಡು ಬರುತ್ತಾರೆ ಅಂತ ಆವಾಗ ಗೊತ್ತಾಗುತ್ತದೆ.

ಮಲೆನಾಡಿನಲ್ಲಿ ನೀರು ರುಚಿ ಕೆಡಲು ಕಾರಣಗಳು ಬೇರೆ ಬೇರೆ. ಬೋರ್‌ವೆಲ್ ನೀರಿಗೆ ಎಷ್ಟೋ ಕಡೆ ಕಬ್ಬಿಣದ ಅಂಶ ಇರುತ್ತದೆ, ತುಕ್ಕಿನ ರುಚಿ ಬರುತ್ತದೆ, ಬಕೆಟ್ಟಿನ ತಳ ಕೆಂಪಾಗುತ್ತದೆ. ಅದನ್ನು ಬಾಯಿ ಅಗಲ ಇರುವ ಪಾತ್ರೆಯಲ್ಲಿ ಎತ್ತರದಿಂದ ಒಂದೆರಡು ಸಲ ಹೊಯ್ದು, ತೆಳು ಬಟ್ಟೆ ಮುಚ್ಚಿ ರಾತ್ರಿಯೆಲ್ಲ ಇಟ್ಟರೆ ಕೆಂಪು ಗಷ್ಟು ತಳಕ್ಕೆ ಕೂರುತ್ತದೆ. ಬೆಳಿಗ್ಗೆ ಅಲುಗಾಡಿಸದೆ ಮೇಲಿನ ನೀರು ಬಗ್ಗಿಸಿಕೊಂಡು ಬಟ್ಟೆಯಲ್ಲಿ ಸೋಸಿ ಕುದಿಸಿ. ತುಂಬಾ ಜಾಸ್ತಿ ಇದ್ದರೆ ಕಬ್ಬಿಣ ತೆಗೆಯುವ ಫಿಲ್ಟರೇ ಬೇಕು, ಮೊದಲು ನೀರಿನ ಪರೀಕ್ಷೆ ಮಾಡಿಸಿ.

ಅಬ್ಬಿ ನೀರು, ಅಂದರೆ ಗುಡ್ಡದ ಝರಿಯಿಂದ ಇಳಿದು ಬರುವ ನೀರು, ರುಚಿಯಲ್ಲಿ ಬಲು ಚೆನ್ನ. ಮೊದಲು ಅಡಿಕೆ ದಬ್ಬೆಯಲ್ಲಿ ಬರುತ್ತಿತ್ತು, ಈಗ ಪೈಪಿನಲ್ಲಿ ಬರುತ್ತದೆ. ಹಳೇ ಕಾಲದಿಂದ ಕುಡಿದುಕೊಂಡು ಬಂದಿದ್ದೇವೆ ಅಂತ ಹಾಗೇ ಕೊಡಬೇಡಿ. ಮೇಲೆ ದನ ಮೇಯುತ್ತವೆ, ತೋಟಕ್ಕೆ ಔಷಧಿ ಹೊಡೆಯುತ್ತಾರೆ, ಮೊದಲ ಮಳೆಗೆ ಎಲ್ಲವೂ ತೊಳೆದು ಬರುತ್ತದೆ. ಕುದಿಸಿದರೆ ಕ್ರಿಮಿ ಸಾಯುತ್ತವೆ, ಔಷಧಿ ಹೋಗುವುದಿಲ್ಲ. ಹಾಗಾಗಿ ಔಷಧಿ ಹೊಡೆಯುವ ದಿನಗಳಲ್ಲಿ ತೋಟದ ಕೆಳಗಿನಿಂದ ಬರುವ ನೀರನ್ನು ಕುಡಿಯಲು ಬಳಸಲೇಬೇಡಿ. ಮಳೆಗಾಲದಲ್ಲಿ ಬಾವಿ ನೀರು ರಾಡಿ ಆದರೆ ಸೋಸಿ, ಆಮೇಲೆ ಕೊತಕೊತ ಅಂತ ಕುದಿ ಬರುವವರೆಗೆ ಕಾಯಿಸಿ. ಟೈಫಾಯ್ಡು, ಕಾಮಾಲೆ ಬರುವ ಕಾಲ ಅದು.

ಆದರೆ ಕುದಿಸಿದ ನೀರಿಗೆ ಬೇರೆ ತೊಂದರೆ. ಸೌದೆ ಒಲೆಯಲ್ಲಿ ಕಾಯಿಸಿದರೆ ಹೊಗೆ ವಾಸನೆ ಹಿಡಿಯುತ್ತದೆ, ಅದಕ್ಕೆ ಗಟ್ಟಿ ಮುಚ್ಚಳ ಮುಚ್ಚಿಯೇ ಕಾಯಿಸಬೇಕು. ಆರಿದ ಮೇಲೆ ಸಪ್ಪೆ ಅನಿಸುತ್ತದೆ, ಗಾಳಿ ಹೋಗಿರುತ್ತದೆ. ಚೊಕ್ಕ ಮಾಡಿದ ಎರಡು ಪಾತ್ರೆ ಇಟ್ಟುಕೊಂಡು ನಾಲ್ಕೈದು ಸಲ ಎತ್ತರದಿಂದ ಹೊಯ್ದರೆ ರುಚಿ ವಾಪಸ್ ಬರುತ್ತದೆ. ಬೇಸಿಗೆಯಲ್ಲಿ ಮಣ್ಣಿನ ಹೂಜಿಗೆ ಹಾಕಿ. ಲಾವಂಚದ ಬೇರನ್ನು ಚೆನ್ನಾಗಿ ತೊಳೆದು, ತೆಳು ಬಟ್ಟೆಯಲ್ಲಿ ಕಟ್ಟಿ ಹೂಜಿಯೊಳಗೆ ಬಿಟ್ಟರೆ ನೀರಿಗೆ ಬರುವ ಪರಿಮಳ ಮಕ್ಕಳಿಗೆ ಬಹಳ ಇಷ್ಟ. ಎರಡು ದಿನಕ್ಕೊಮ್ಮೆ ಬೇರನ್ನು ತೆಗೆದು ಬಿಸಿಲಿಗೆ ಒಣಗಿಸಿ. ಜೀರಿಗೆ ಹಾಕಿ ಕುದಿಸಿದ ನೀರೂ ಆಗುತ್ತದೆ.

ಬಾಟಲಿ ಮೂಸಿ ನೋಡಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಬಟ್ಟೆಯೇ ಒಣಗುವುದಿಲ್ಲ, ಬಾಟಲಿ ಎಲ್ಲಿ ಒಣಗಬೇಕು? ಮುಚ್ಚಳದ ಒಳಗಿನ ರಬ್ಬರ್ ವಾಷರ್ ತೆಗೆದು ನೋಡಿ. ಕಪ್ಪಗೆ ಬೂಷ್ಟು ಕೂತಿರುತ್ತದೆ. ಸ್ಟ್ರಾ ಇರುವ ಬಾಟಲಿ ಆದರಂತೂ ಆ ಕೊಳವೆಯ ಒಳಗೆ ಏನಿದೆ ಅಂತ ಕಾಣುವುದೇ ಇಲ್ಲ. ಮಗಳು "ನೀರು ವಾಸನೆ ಅಮ್ಮ" ಅಂತ ತಿಂಗಳುಗಟ್ಟಲೆ ಹೇಳಿದ್ದಳು. ನಾನು ನೆಪ ಅಂದುಕೊಂಡಿದ್ದೆ. ವಾಷರ್ ತೆಗೆದು ನೋಡಿದ ದಿನ ನನಗೆ ನಿಜಕ್ಕೂ ಬೇಜಾರಾಯಿತು, ಅವಳ ಮಾತು ಕೇಳಬೇಕಿತ್ತು.

ಆದ್ದರಿಂದ ಬಾಟಲಿ ಕೊಳ್ಳುವಾಗ ಕೈ ಅಥವಾ ಬ್ರಷ್ ಒಳಗೆ ಹೋಗುವಷ್ಟು ಅಗಲ ಬಾಯಿಯದ್ದೇ ತೆಗೆದುಕೊಳ್ಳಿ. ಸ್ಟೀಲ್ ಆದರೆ ವಾಸನೆ ಹಿಡಿಯುವುದು ಕಡಿಮೆ. ಆದರೆ ತೂಕ ನೋಡಿ. ಪುಸ್ತಕದ ಭಾರಕ್ಕೆ ಒಂದು ಲೀಟರಿನ ಸ್ಟೀಲ್ ಬಾಟಲಿ ಸೇರಿದರೆ ಎರಡನೇ ಕ್ಲಾಸಿನ ಮಗು ಅದನ್ನು ಶಾಲೆ ತಲುಪುವ ಮುಂಚೆಯೇ ಖಾಲಿ ಮಾಡುತ್ತದೆ, ಕುಡಿದು ಅಲ್ಲ, ಚೆಲ್ಲಿ. ಚಿಕ್ಕ ಮಕ್ಕಳಿಗೆ ಅರ್ಧ ಲೀಟರ್ ಸಾಕು. ಶಾಲೆಯಲ್ಲಿ ಒಳ್ಳೆಯ ನೀರು ಇದ್ದರೆ ಮಧ್ಯಾಹ್ನ ಮತ್ತೆ ತುಂಬಿಸಿಕೊಳ್ಳಲಿ. ಎರಡು ಬಾಟಲಿ ಇಟ್ಟುಕೊಂಡು ಒಂದು ದಿನ ಬಿಟ್ಟು ಒಂದು ದಿನ ಕೊಡಿ. ಸಂಜೆ ಬಂದ ಕೂಡಲೇ ವಾಷರ್ ಬಿಚ್ಚಿ ಬಿಸಿನೀರಿನಲ್ಲಿ ತೊಳೆದು, ಒಲೆಕಟ್ಟೆಯ ಹತ್ತಿರ ಬೋರಲು ಹಾಕಿ. ವಾರಕ್ಕೊಮ್ಮೆ ಅಡುಗೆ ಸೋಡಾ ಹಾಕಿದ ಬಿಸಿನೀರು ತುಂಬಿಸಿ ಅರ್ಧ ಗಂಟೆ ಬಿಟ್ಟು ತೊಳೆಯಿರಿ.

ಜುಲೈ ಚಳಿಯಲ್ಲಿ ತಣ್ಣೀರು ಯಾವ ಮಗುವಿಗೂ ಬೇಡ. ಆಗ ಚಿಕ್ಕ ಫ್ಲಾಸ್ಕಿನಲ್ಲಿ ಉಗುರು ಬೆಚ್ಚಗಿನ ನೀರು ಕೊಡಿ. ನಮ್ಮಲ್ಲಿ ಅತಿ ಜಾಸ್ತಿ ಬದಲಾವಣೆ ಆಗಿದ್ದು ಇದರಿಂದಲೇ.

ಬಾಯಾರಿಕೆಗೆ ಕಾಯಬೇಡಿ, ಹೊತ್ತು ಗೊತ್ತು ಮಾಡಿ

ಮಳೆಗಾಲದಲ್ಲಿ ಬಾಯಾರಿಕೆ ಗೊತ್ತೇ ಆಗುವುದಿಲ್ಲ. ಬೇಸಿಗೆಯಲ್ಲಿ ಆಟದ ಗುಂಗಿನಲ್ಲಿ ಮರೆತುಹೋಗುತ್ತದೆ. ಅದಕ್ಕೇ ನೀರನ್ನು ದಿನದ ಕೆಲಸಗಳಿಗೆ ಕಟ್ಟಿಹಾಕಬೇಕು. ಎದ್ದು ಮುಖ ತೊಳೆದ ಮೇಲೆ ಒಂದು ಲೋಟ. ಶಾಲೆಗೆ ಹೊರಡುವ ಮುಂಚೆ ಕೆಲವು ಗುಟುಕು. ಬೆಳಗಿನ ಬಿಡುವಿನಲ್ಲಿ, ಊಟದ ಜೊತೆ, ಮಧ್ಯಾಹ್ನದ ಬಿಡುವಿನಲ್ಲಿ. ಬಸ್ಸಿನಲ್ಲಿ ದೂರದಿಂದ ಬರುವ ಮಕ್ಕಳು ಬೆಳಿಗ್ಗೆ ಜಾಸ್ತಿ ಕುಡಿಯಲು ಹೆದರುತ್ತಾರೆ, ಅದು ಸಹಜ, ಅವರು ಶಾಲೆ ತಲುಪಿದ ಮೇಲೆ ಕುಡಿಯಲಿ.

ಶಾಲೆಯಲ್ಲಿ ಇದಕ್ಕೆ ದಾರಿ ಆಗಲೇ ಇದೆ. 2019ರಲ್ಲಿ ಕೇರಳದ ಶಾಲೆಗಳಲ್ಲಿ ಶುರುವಾದ ವಾಟರ್ ಬೆಲ್ ಪದ್ಧತಿಯನ್ನು ಅದೇ ವರ್ಷ ನಮ್ಮ ರಾಜ್ಯದಲ್ಲೂ ತರಲು ಹೇಳಿದ್ದರು. ಗಂಟೆ ಹೊಡೆದಾಗ ಎಲ್ಲರೂ ಒಟ್ಟಿಗೆ ನೀರು ಕುಡಿಯುವುದು, ಅಷ್ಟೇ. ನಿಮ್ಮ ಶಾಲೆಯಲ್ಲಿ ಅದು ನಿಂತುಹೋಗಿದ್ದರೆ ಮೇಷ್ಟ್ರ ಹತ್ತಿರ ಕೇಳಿ. "ಸರ್, ದಿನಕ್ಕೆ ಎರಡು ಸಲ ಒಂದೊಂದು ನಿಮಿಷ ಸಾಕು" ಅಂದರೆ ಬೇಡ ಅನ್ನುವವರು ಕಡಿಮೆ. ಒಬ್ಬನೇ ಕುಡಿಯುವುದಕ್ಕೂ ಮೂವತ್ತು ಜನ ಒಟ್ಟಿಗೆ ಬಾಟಲಿ ಎತ್ತುವುದಕ್ಕೂ ಎಷ್ಟು ವ್ಯತ್ಯಾಸ ನೋಡಿ.

ಶೌಚಾಲಯದ ವಿಷಯ ಕಡೆಗಣಿಸಿದರೆ ಉಳಿದದ್ದೆಲ್ಲ ವ್ಯರ್ಥ

ಮಗಳನ್ನು ಕೂರಿಸಿಕೊಂಡು ನಿಧಾನಕ್ಕೆ ಕೇಳಿದಾಗ ಹೊರಗೆ ಬಂದ ಮಾತಿದು. "ನೀರು ಕುಡಿದರೆ ಟಾಯ್ಲೆಟ್‌ಗೆ ಹೋಗಬೇಕಲ್ಲಮ್ಮ, ಅಲ್ಲಿ ಚಿಲಕ ಇಲ್ಲ." ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟವಳು ಸಂಜೆ ಐದರವರೆಗೆ ಹಾಗೇ ತಡೆದುಕೊಂಡು ಬರುತ್ತಿದ್ದಳು. ಹೀಗೆ ನೀರು ಕುಡಿಯದೆ, ಮೂತ್ರ ತಡೆದುಕೊಂಡು ಇದ್ದರೆ ಉರಿಮೂತ್ರ, ಮೂತ್ರದ ಸೋಂಕು ಬರುವ ಸಾಧ್ಯತೆ ಜಾಸ್ತಿ. ಮಲಬದ್ಧತೆಯೂ ಆಗುತ್ತದೆ.

ನಿಮ್ಮ ಮಗಳನ್ನೂ ಒಮ್ಮೆ ಕೇಳಿ. ಮಗನನ್ನೂ ಕೇಳಿ. ಚಿಲಕ, ಬಕೆಟ್ಟು, ನೀರು, ಬೆಳಕು, ಈ ನಾಲ್ಕು ಇದೆಯಾ ಅಂತ ನೋಡಿ. ಸರ್ಕಾರಿ ಶಾಲೆ ಆದರೆ ಶಾಲಾಭಿವೃದ್ಧಿ ಸಮಿತಿಯ, ಅಂದರೆ ಎಸ್‌ಡಿಎಂಸಿ ಸಭೆಯಲ್ಲಿ, ಖಾಸಗಿ ಶಾಲೆ ಆದರೆ ಪೋಷಕರ ಸಭೆಯಲ್ಲಿ, ನಾಲ್ಕು ಜನ ಅಮ್ಮಂದಿರು ಸೇರಿಕೊಂಡು ಹೇಳಿ. ಒಬ್ಬರೇ ಹೇಳಿದರೆ ದೂರು ಆಗುತ್ತದೆ, ನಾಲ್ಕು ಜನ ಹೇಳಿದರೆ ಕೆಲಸ ಆಗುತ್ತದೆ. ನಾವು ಹೇಳಿದ ಎರಡು ವಾರಕ್ಕೆ ಚಿಲಕ ಬಂತು. ಆ ವಾರದಿಂದಲೇ ಮಗಳ ಬಾಟಲಿ ಖಾಲಿಯಾಗಿ ಬರತೊಡಗಿತು.

ಅದೇ ಸಭೆಯಲ್ಲಿ ಇನ್ನೊಂದು ಮಾತು ಎತ್ತಿ. ಕೊಬ್ಬು, ಉಪ್ಪು, ಸಕ್ಕರೆ ಜಾಸ್ತಿ ಇರುವ ತಿಂಡಿ ಪಾನೀಯಗಳನ್ನು ಶಾಲೆಯ ಒಳಗೆ ಮತ್ತು ಗೇಟಿನಿಂದ 50 ಮೀಟರ್ ಒಳಗೆ ಮಾರುವಂತಿಲ್ಲ ಅಂತ ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮವಿದೆ. ಅಂಗಡಿಯವರ ಜೊತೆ ಜಗಳಕ್ಕೆ ಹೋಗಬೇಡಿ. ನಮ್ಮೂರಿನವರೇ, ಅವರ ಮಕ್ಕಳೂ ಅಲ್ಲೇ ಓದುತ್ತಾರೆ. ಮುಂದಿನ ಸಾಲಿನಿಂದ ಬಾಟಲಿ ತೆಗೆದು ಹಿಂದೆ ಇಡಿ ಅಂತ ಕೇಳಿಕೊಂಡರೂ ಎಷ್ಟೋ ಆಯಿತು. 2025ರ ಮೇ ತಿಂಗಳಲ್ಲಿ ಸಿಬಿಎಸ್‌ಇ ತನ್ನ ಶಾಲೆಗಳಿಗೆ 'ಶುಗರ್ ಬೋರ್ಡ್' ಹಾಕಲು ಹೇಳಿದೆ. ಯಾವ ಪಾನೀಯದಲ್ಲಿ ಎಷ್ಟು ಸಕ್ಕರೆ ಅಂತ ತೋರಿಸುವ ಫಲಕ ಅದು. ಕನ್ನಡ ಶಾಲೆಯಲ್ಲೂ ಒಂದು ಡ್ರಾಯಿಂಗ್ ಶೀಟಿನಲ್ಲಿ ಮಕ್ಕಳೇ ಮಾಡಬಹುದು.

ಸಂಜೆ ಮನೆಗೆ ಬಂದ ಆ ಹತ್ತು ನಿಮಿಷ

ಸಾಗರದ ಕಡೆಯ ನಮ್ಮ ಅತ್ತೆ ಯಾರು ಮನೆಗೆ ಬಂದರೂ ಮೊದಲು "ಆಸ್ರಿಗೆ ಎಂತ ಬೇಕು?" ಅಂತ ಕೇಳುತ್ತಾರೆ. ಆಸ್ರಿಗೆ ಅಂದರೆ ಬಾಯಾರಿಕೆಗೆ. ಮೊಮ್ಮಗ ಚೀಲ ಬಿಸಾಡಿ ಒಳಗೆ ಬಂದಾಗಲೂ ಹಾಗೇ ಕೇಳಲು ಶುರು ಮಾಡಿದರು. "ಮಾಣಿ, ಆಸ್ರಿಗೆ ಎಂತ ಬೇಕು? ಮಜ್ಜಿಗೆಯಾ, ನೀರಾ?" ಆಯ್ಕೆ ಅವನದ್ದೇ. ಆದರೆ ಎರಡರಲ್ಲೂ ಸಕ್ಕರೆ ಇಲ್ಲ. ನೀವೂ ಹಾಗೇ ಕೇಳಿ. "ನೀರು ಬೇಕಾ?" ಅಂದರೆ "ಬೇಡ" ಅನ್ನುತ್ತಾರೆ.

ಮಗು ಬರುವ ಮುಂಚೆಯೇ ಲೋಟ ತುಂಬಿಸಿ ಊಟದ ಮೇಜಿನ ಮೇಲೋ ಜಗಲಿ ಕಟ್ಟೆಯ ಮೇಲೋ ಇಟ್ಟಿರಿ. ಹಸಿವು ಬಾಯಾರಿಕೆ ಎರಡೂ ಜೋರಾಗಿರುವ ಹೊತ್ತು ಅದು, ಕಣ್ಣಿಗೆ ಕಂಡಿದ್ದು ಹೊಟ್ಟೆಗೆ ಹೋಗುತ್ತದೆ. ತೆಳು ಮಜ್ಜಿಗೆಗೆ ಚಿಟಿಕೆ ಉಪ್ಪು, ಇಂಗು, ಕರಿಬೇವು. ಒಣಗಿಸಿಟ್ಟ ಮುರುಗಲು ಸಿಪ್ಪೆ ನೆನೆಸಿ ಹಿಂಡಿ, ಜೀರಿಗೆ ಮತ್ತು ಸ್ವಲ್ಪ ಉಪ್ಪು ಹಾಕಿದರೆ ಸಕ್ಕರೆ ಇಲ್ಲದೆಯೂ ಚೆನ್ನಾಗಿರುತ್ತದೆ. ಮಳೆ ಸಂಜೆಗೆ ಕೊತ್ತಂಬರಿ, ಜೀರಿಗೆ, ಕಾಳುಮೆಣಸಿನ ಕಷಾಯ, ಹಾಲು ಹಾಕಿ. ಎಳನೀರೂ ಸರಿ. ಮನೆಯ ಹಾಲು, ಶಾಲೆಯ ಕ್ಷೀರಭಾಗ್ಯದ ಹಾಲು ನಿಲ್ಲಿಸುವುದು ಬೇಡ, ಅದು ಬೆಳೆಯುವ ಮಕ್ಕಳಿಗೆ ಬೇಕು. ಮನೆಯ ಹಾಲಿಗೆ ಹಾಕುವ ಮಾಲ್ಟ್ ಪುಡಿಯ ಡಬ್ಬಿಯನ್ನು ಮಾತ್ರ ತಿರುಗಿಸಿ ಓದಿ. 2024ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರವೇ ಇಂಥ ಪುಡಿಗಳನ್ನು 'ಹೆಲ್ತ್ ಡ್ರಿಂಕ್' ಅನ್ನುವ ವಿಭಾಗದಿಂದ ತೆಗೆಯಿರಿ ಅಂತ ಆನ್‌ಲೈನ್ ಅಂಗಡಿಗಳಿಗೆ ಹೇಳಿತು.

ಒಮ್ಮೆಗೇ ಬಂದ್ ಮಾಡಬೇಡಿ

ದಿನಾ ಕುಡಿಯುವ ಮಗುವಿಗೆ ನಾಳೆಯಿಂದ ಇಲ್ಲ ಅಂದರೆ ಗೆಳೆಯನ ಬಾಟಲಿಯಲ್ಲಿ ಕುಡಿಯುತ್ತದೆ. ದಿನಾ ಇದ್ದದ್ದನ್ನು ವಾರಕ್ಕೆ ಮೂರು ಸಲ, ಆಮೇಲೆ ಭಾನುವಾರ ಮಾತ್ರ, ಹೀಗೆ ಇಳಿಸಿ. ಟೀಗೆ ಎರಡು ಚಮಚ ಇದ್ದರೆ ಎರಡು ವಾರ ಒಂದೂವರೆ, ಮತ್ತೆರಡು ವಾರ ಒಂದು. ನಾಲಿಗೆ ಕೆಲವೇ ವಾರದಲ್ಲಿ ಹೊಂದಿಕೊಳ್ಳುತ್ತದೆ. ನಿಜ ಹೇಳಬೇಕೆಂದರೆ ಚಿಕ್ಕ ಮಕ್ಕಳಿಗೆ ಟೀ ಬೇಡವೇ ಬೇಡ. ಊಟದ ಜೊತೆ ಕುಡಿದರೆ ಆಹಾರದ ಕಬ್ಬಿಣಾಂಶ ಮೈಗೆ ಹತ್ತುವುದು ಕಡಿಮೆಯಾಗುತ್ತದೆ.

ಕೈಗೆ ಹತ್ತು ರೂಪಾಯಿ ಕೊಡುವ ರೂಢಿ ಇದ್ದರೆ ಆ ದುಡ್ಡನ್ನು ನಿಲ್ಲಿಸಬೇಡಿ, ಡಬ್ಬಿಗೆ ಹಾಕಿಸಿ. ನಮ್ಮ ಮಗ ಅದರಲ್ಲಿ ಕ್ರಿಕೆಟ್ ಬಾಲ್ ತಂದ.

ಮನೆಗೆ ಬರುವ ನೆಂಟರು ಮಕ್ಕಳಿಗೆ ಅಂತ ಎರಡು ಲೀಟರಿನ ಬಾಟಲಿ ತರುತ್ತಾರೆ. ಪ್ರೀತಿಯಿಂದಲೇ ತರುತ್ತಾರೆ. ನಾನು ಫೋನಿನಲ್ಲೇ ಹೇಳುತ್ತೇನೆ, "ಅತ್ತಿಗೆ, ಬರುವಾಗ ಬಾಳೆಹಣ್ಣು ತನ್ನಿ, ಮಕ್ಕಳು ಕಾಯ್ತಾ ಇದ್ದಾರೆ" ಅಂತ. ಆಲೆಮನೆಯ ಕಬ್ಬಿನ ಹಾಲು, ಜಾತ್ರೆಯ ಗೋಲಿ ಸೋಡಾ ಇವನ್ನು ತಡೆಯಬೇಡಿ. ವರ್ಷಕ್ಕೊಮ್ಮೆ ಬರುವ ಸಂತೋಷ ಅದು, ಹೊಟ್ಟೆತುಂಬ ಕುಡಿಯಲಿ.

ದೊಡ್ಡವರ ಕೈಯಲ್ಲಿ ಕೋಲಾ ಇದ್ದರೆ ಮಕ್ಕಳು ನೀರು ಕುಡಿಯುವುದಿಲ್ಲ. ಫ್ರಿಜ್ಜಿನಲ್ಲಿ ಇಡಲೇಬೇಡಿ. ಸಕ್ಕರೆ ಇಲ್ಲದ 'ಡಯಟ್' ಬಾಟಲಿ ತಂದು ಸಮಾಧಾನ ಪಡುವುದೂ ಬೇಡ, ಸಿಹಿಯ ಚಪಲ ಹಾಗೇ ಉಳಿಯುತ್ತದೆ. ತೂಕ ಇಳಿಸಲು ಇಂಥ ಬದಲಿ ಸಿಹಿ ಬಳಸಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆಯೂ 2023ರಲ್ಲಿ ಹೇಳಿದೆ.

ಎರಡು ಬಾಟಲಿಗಳ ಬಗ್ಗೆ ಗಟ್ಟಿಯಾಗಿರಿ

ಒಂದು, ಎನರ್ಜಿ ಡ್ರಿಂಕ್. ಈಗ ಇಪ್ಪತ್ತು ರೂಪಾಯಿಗೆ ಹಳ್ಳಿ ಅಂಗಡಿಯಲ್ಲೂ ಸಿಗುತ್ತದೆ, ಹೈಸ್ಕೂಲ್ ಹುಡುಗರು ಕಬಡ್ಡಿಗೆ ಮುಂಚೆ ಕುಡಿಯುತ್ತಾರೆ. ಇವುಗಳಲ್ಲಿ ಲೀಟರಿಗೆ 300 ಮಿಲಿಗ್ರಾಂವರೆಗೆ ಕೆಫೀನ್ ಇರಬಹುದು, ಅಂದರೆ 250 ಮಿಲಿಲೀಟರಿಗೆ 75. ಮಕ್ಕಳಿಗೆ ಸೂಕ್ತವಲ್ಲ ಅಂತ ಬಾಟಲಿಯ ಮೇಲೇ ಇಂಗ್ಲಿಷಿನಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಆ ಸಾಲನ್ನು ಮಗನ ಕೈಯಲ್ಲೇ ಓದಿಸಿ. ಇದರಲ್ಲಿ ವಾರಕ್ಕೊಂದು ಅನ್ನುವ ರಿಯಾಯಿತಿ ಇಲ್ಲ.

ಇನ್ನೊಂದು, ಭೇದಿ ಆದಾಗ ಮೆಡಿಕಲ್ ಶಾಪಿನಿಂದ ತರುವ ಹಣ್ಣಿನ ರುಚಿಯ ಪ್ಯಾಕೆಟ್. ಭೇದಿಯಲ್ಲಿ ಹೋದ ನೀರು, ಉಪ್ಪನ್ನು ತುಂಬಿಕೊಡುವ ಸರಿಯಾದ ಓಆರ್‌ಎಸ್‌ನಲ್ಲಿ ಲೀಟರಿಗೆ 13.5 ಗ್ರಾಂ ಗ್ಲೂಕೋಸ್ ಇರುತ್ತದೆ. ಆ ಹೆಸರಿಟ್ಟುಕೊಂಡು ಬರುತ್ತಿದ್ದ ಕೆಲವು ಪಾನೀಯಗಳಲ್ಲಿ ಇದರ ಎಷ್ಟೋ ಪಟ್ಟು ಸಕ್ಕರೆ ಇರುತ್ತಿತ್ತು. ಸಕ್ಕರೆ ಅಷ್ಟು ಜಾಸ್ತಿ ಆದರೆ ಭೇದಿ ಇನ್ನೂ ಹೆಚ್ಚುತ್ತದೆ. ಹೈದರಾಬಾದಿನ ಮಕ್ಕಳ ವೈದ್ಯೆ ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಹೋರಾಡಿದರು. 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಇಂಥ ಪಾನೀಯಗಳು ಓಆರ್‌ಎಸ್ ಹೆಸರು ಬಳಸಬಾರದು ಅಂತ ಆದೇಶ ಮಾಡಿತು. ನೀವು ಪುಡಿಯ ಪೊಟ್ಟಣ ಕೇಳಿ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಅಂತ ಅದರ ಮೇಲೆ ಬರೆದಿದೆಯಾ ನೋಡಿ. ಪೊಟ್ಟಣದ ಮೇಲೆ ಹೇಳಿದಷ್ಟೇ ನೀರಿಗೆ ಪೂರ್ತಿ ಪುಡಿ ಕಲಸಿ, ಅರ್ಧ ಲೋಟಕ್ಕೆ ಸ್ವಲ್ಪ ಪುಡಿ ಅಂತ ಅಂದಾಜಿಗೆ ಮಾಡಬೇಡಿ. ಕಲಸಿದ್ದನ್ನು 24 ಗಂಟೆಯೊಳಗೆ ಮುಗಿಸಿ, ಉಳಿದರೆ ಚೆಲ್ಲಿ.

ಕೊನೆಗೆ ಒಂದು ಎಚ್ಚರಿಕೆ. ನೀರೇ ಕುಡಿಯದಿದ್ದ ಮಗು ಇದ್ದಕ್ಕಿದ್ದ ಹಾಗೆ ಚೊಂಬುಗಟ್ಟಲೆ ಕುಡಿಯಲು ಶುರು ಮಾಡಿ, ರಾತ್ರಿ ಪದೇ ಪದೇ ಮೂತ್ರಕ್ಕೆ ಎದ್ದು, ಚೆನ್ನಾಗಿ ಉಂಡರೂ ಸೊರಗುತ್ತಿದ್ದರೆ, ಅಭ್ಯಾಸ ಸುಧಾರಿಸಿತು ಅಂತ ಖುಷಿಪಡಬೇಡಿ. ಅದು ಮಕ್ಕಳಿಗೆ ಬರುವ ಸಕ್ಕರೆ ಕಾಯಿಲೆಯ ಲಕ್ಷಣ ಇರಬಹುದು. ಅದೇ ದಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿ.